ಕಲ್ಲಿನ ಸೇತುವೆಗೆ ವಯಸ್ಸಾಯ್ತು ಅಂತ ಬರೆಯೋಕೆ ಮುಂಚೆ ಒಂದ್ಸಲ ಬಿಚ್ಚಿ ನೋಡಿ

ಹಳೇ ಸೇತುವೆಗಳ ತಪಾಸಣೆಗೆ ಹೋಗೋ ಇಂಜಿನಿಯರ್‌ಗಳಿಗೆ, ಅವರ ರಿಪೋರ್ಟ್ ಮೇಲೆ ಸಹಿ ಹಾಕೋ ಮೇಲಧಿಕಾರಿಗಳಿಗೆ, ಇನ್ನು ಮೇಲೆ ಈ ಕೆಲಸಕ್ಕೆ ಬರೋ ಸಿವಿಲ್ ಇಂಜಿನಿಯರಿಂಗ್ ಮಕ್ಕಳಿಗೆ,

ಮಾನ್ಯರೇ,

ಒಂದು ಕಲ್ಲಿನ ರೈಲ್ವೆ ಸೇತುವೆ ಬಗ್ಗೆ "ಆಯಸ್ಸು ಮುಗಿದಿದೆ, ರಿಪೇರಿ ಖರ್ಚು ಭರಿಸೋಕಾಗಲ್ಲ" ಅಂತ ಬರೆಯೋಕೆ ಒಂದು ಸಾಲು ಸಾಕು. ಆ ಸಾಲು ಫೈಲಲ್ಲಿ ಒಂದ್ಸಲ ಕೂತ್ಬಿಟ್ರೆ ಆಮೇಲೆ ಬಂದವರೆಲ್ಲ ಅದನ್ನೇ ನಕಲು ಮಾಡ್ತಾ ಹೋಗ್ತಾರೆ, ಯಾರೂ ಮತ್ತೆ ಹೋಗಿ ಕಲ್ಲು ಮುಟ್ಟಿ ನೋಡಲ್ಲ, ಹತ್ತು ವರ್ಷ ಆದ್ಮೇಲೆ ಅದೇ ಸತ್ಯ ಆಗ್ಬಿಡುತ್ತೆ. ನಾನು ಸೇತುವೆ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡ್ಕೊಂಡವನು. ಆ ಒಂದು ಸಾಲಿನ ಬಗ್ಗೆನೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಇಂಗ್ಲೆಂಡಿನ ಉತ್ತರ ಯಾರ್ಕ್‌ಶೈರ್‌ನಲ್ಲಿ ರಿಬಲ್‌ಹೆಡ್ ಅಂತ ಒಂದು ಜಾಗ ಇದೆ. ಸುತ್ತ ವರ್ನ್‌ಸೈಡ್, ಇಂಗಲ್‌ಬರೋ, ಪೆನ್-ಇ-ಗೆಂಟ್ ಅಂತ ಮೂರು ಬೆಟ್ಟ, ನಡುವೆ ಬ್ಯಾಟಿ ಮಾಸ್ ಅನ್ನೋ ಜೌಗು ಬಯಲು, ಮರ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು, ಗಾಳಿ ಮಾತ್ರ ವರ್ಷಪೂರ್ತಿ. ಆ ಬಯಲಿನ ಮೇಲೆ 24 ಕಮಾನಿನ ಒಂದು ಕಲ್ಲಿನ ಸೇತುವೆ ನಿಂತಿದೆ. ಉದ್ದ ಸುಮಾರು 400 ಮೀಟರ್, ಅತಿ ಎತ್ತರದ ಜಾಗದಲ್ಲಿ 32 ಮೀಟರ್, ಒಂದೊಂದು ಕಮಾನಿನ ಅಗಲ 45 ಅಡಿ. 1870ರಲ್ಲಿ ಕೆಲಸ ಶುರು, 1874ಕ್ಕೆ ಕಲ್ಲಿನ ಕೆಲಸ ಮುಗೀತು, 1875ರಲ್ಲಿ ಗೂಡ್ಸ್ ಗಾಡಿ, 1876ರ ಮೇ 1ಕ್ಕೆ ಪ್ಯಾಸೆಂಜರ್ ರೈಲು. ಇವತ್ತಿಗೂ ಓಡ್ತಾ ಇದೆ. ಇದೇ ಸೇತುವೆ ನೆಪ ಇಟ್ಕೊಂಡು 1980ರ ದಶಕದಲ್ಲಿ ಇಡೀ ಮಾರ್ಗವನ್ನೇ ಮುಚ್ಚೋಕೆ ಹೊರಟಿದ್ರು. ಆ ಕಥೆಗೆ ಆಮೇಲೆ ಬರ್ತೀನಿ, ಅದಕ್ಕೆ ಮುಂಚೆ ಅದನ್ನ ಹೇಗೆ ಕಟ್ಟಿದ್ರು ಅನ್ನೋದು ಹೇಳ್ಬೇಕು, ಯಾಕಂದ್ರೆ ಕಟ್ಟಿದ್ದು ಹೇಗೆ ಅಂತ ಗೊತ್ತಿಲ್ದೆ ಕೆಟ್ಟಿದ್ದು ಎಲ್ಲಿ ಅಂತ ಹೇಳೋಕಾಗಲ್ಲ.

ಈ ಮಾರ್ಗ ಕಟ್ಟೋಕೆ ಕಂಪನಿಗೇ ಮನಸ್ಸಿರಲಿಲ್ಲ. ಮಿಡ್‌ಲ್ಯಾಂಡ್ ರೈಲ್ವೆ ಅನ್ನೋ ಕಂಪನಿಗೆ ಸ್ಕಾಟ್ಲೆಂಡಿಗೆ ಹೋಗೋಕೆ ಸ್ವಂತ ದಾರಿ ಇರಲಿಲ್ಲ, ಪ್ರತಿಸ್ಪರ್ಧಿ ಕಂಪನಿಯ ಹಳಿ ಮೇಲೆ ಅವರ ದಯೆಯಿಂದ ಹೋಗ್ಬೇಕಿತ್ತು. ಬೇಸತ್ತು 1866ರಲ್ಲಿ ಸೆಟಲ್‌ನಿಂದ ಕಾರ್ಲೈಲ್‌ವರೆಗೆ 72 ಮೈಲಿ ಸ್ವಂತ ಮಾರ್ಗಕ್ಕೆ ಪಾರ್ಲಿಮೆಂಟಿನಿಂದ ಅನುಮತಿ ತಗೊಂಡ್ರು. ಅಷ್ಟರಲ್ಲಿ ಪ್ರತಿಸ್ಪರ್ಧಿ ರಾಜಿಗೆ ಬಂತು, ಇವರು ಯೋಜನೆ ಕೈಬಿಡ್ತೀವಿ ಅಂದ್ರು, ಪಾರ್ಲಿಮೆಂಟ್ ಒಪ್ಪಲಿಲ್ಲ, ಒಪ್ಕೊಂಡಿದ್ದೀರಿ ಕಟ್ಟಿ ಅಂತು. ಹಾಗೆ ಒಲ್ಲದ ಮನಸ್ಸಿಂದ ಶುರುವಾದ ಕೆಲಸದಲ್ಲೂ ಮುಖ್ಯ ಇಂಜಿನಿಯರ್ ಜಾನ್ ಕ್ರಾಸ್ಲಿ ಒಂದು ವಿಷಯದಲ್ಲಿ ರಾಜಿ ಮಾಡ್ಕೊಳ್ಳಲಿಲ್ಲ. ಇದು ವೇಗದ ರೈಲು ಓಡೋ ಮುಖ್ಯ ಮಾರ್ಗ, ಹಾಗಾಗಿ ಏರು 100ಕ್ಕೆ 1ಕ್ಕಿಂತ ಜಾಸ್ತಿ ಇರಬಾರದು, ಬೆಟ್ಟ ಅಡ್ಡ ಬಂದ್ರೆ ಕೊರೀರಿ, ಕಣಿವೆ ಬಂದ್ರೆ ಸೇತುವೆ ಕಟ್ಟಿ. ಅದಕ್ಕೇ ಆ 72 ಮೈಲಿಯಲ್ಲಿ 14 ಸುರಂಗ, 20ಕ್ಕೂ ಹೆಚ್ಚು ದೊಡ್ಡ ಸೇತುವೆ. 22 ಲಕ್ಷ ಪೌಂಡ್ ಅಂದಾಜು ಮಾಡಿದ್ದು ಮುಗಿಯೋ ಹೊತ್ತಿಗೆ 35 ಲಕ್ಷ ದಾಟಿತ್ತು.

ಈಗ ಕಮಾನಿನ ವಿಷಯ. ಒಂದು ಸರಪಳಿನ ಎರಡು ಕೈಲಿ ಹಿಡ್ಕೊಂಡು ಜೋತು ಬಿಡಿ, ಅದು ತಾನೇ ಒಂದು ಬಾಗು ತಗೊಳ್ಳುತ್ತೆ, ಅಲ್ಲಿ ಇರೋದು ಬರೀ ಎಳೆತ. ಆ ಬಾಗನ್ನ ತಲೆಕೆಳಗೆ ಮಾಡಿದ್ರೆ ಬರೀ ಒತ್ತಡ. ರಾಬರ್ಟ್ ಹುಕ್ ಇದನ್ನ 1675ರಲ್ಲೇ ಹೇಳಿದ್ದ. ಕಲ್ಲು ಎಳೆದ್ರೆ ಬಿರುಕು ಬಿಡುತ್ತೆ, ಒತ್ತಿದ್ರೆ ಎಷ್ಟು ಬೇಕಾದ್ರೂ ತಡ್ಕೊಳ್ಳುತ್ತೆ, ಹಾಗಾಗಿ ಒತ್ತಡದ ಗೆರೆ ಕಲ್ಲಿನ ದಪ್ಪದೊಳಗೇ ಹೋಗೋ ಹಾಗೆ ನೋಡ್ಕೊಂಡ್ರೆ ಕಮಾನು ನಿಲ್ಲುತ್ತೆ. ಇದರಲ್ಲಿ ಗಾರೆಯ ಕೆಲಸ ಅಂಟಿಸೋದು ಅಲ್ಲ, ಒಂದು ಕಲ್ಲಿನ ಭಾರ ಇನ್ನೊಂದು ಕಲ್ಲಿನ ಮೇಲೆ ಸಮನಾಗಿ ಕೂರೋ ಹಾಗೆ ಹಾಸಿಗೆ ಆಗಿರೋದು. ಇದೊಂದು ಮಾತು ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕಮಾನು ಕೆಳಕ್ಕೆ ಮಾತ್ರ ತೂಕ ಹಾಕಲ್ಲ, ಪಕ್ಕಕ್ಕೂ ತಳ್ಳುತ್ತೆ. ಒಂದು ಕಂಬದ ಎರಡೂ ಕಡೆ ಒಂದೇ ಅಳತೆಯ ಕಮಾನು ಇದ್ರೆ ಎಡಗಡೆಯದು ಬಲಕ್ಕೆ ತಳ್ಳುತ್ತೆ, ಬಲಗಡೆಯದು ಎಡಕ್ಕೆ ತಳ್ಳುತ್ತೆ, ಎರಡೂ ಸರಿಹೋಗುತ್ತೆ, ಕಂಬಕ್ಕೆ ಉಳಿಯೋದು ನೇರ ಭಾರ ಮಾತ್ರ. ಅದಕ್ಕೇ ಅಷ್ಟು ಎತ್ತರದ ಕಂಬ ಅಷ್ಟು ತೆಳ್ಳಗಿದ್ರೂ ನಡೆಯುತ್ತೆ. ಆದ್ರೆ ಒಂದು ಕಮಾನು ಬಿತ್ತು ಅಂತ ಇಟ್ಕೊಳ್ಳಿ. ಪಕ್ಕದ ಕಂಬಕ್ಕೆ ಒಂದು ಕಡೆಯ ಆಸರೆ ಹೋಯ್ತು, ಇನ್ನೊಂದು ಕಡೆಯ ತಳ್ಳಾಟ ಹಾಗೇ ಇದೆ, ಕಂಬ ಮಗುಚುತ್ತೆ, ಅದರ ಮೇಲಿನ ಕಮಾನೂ ಬೀಳುತ್ತೆ, ಆಮೇಲೆ ಅದರ ಪಕ್ಕದ್ದು. ಇದು ಬರೀ ಲೆಕ್ಕದಲ್ಲಿ ಆಗೋದಲ್ಲ, ಆಗಿದೆ. ಫ್ರಾನ್ಸಿನ ಬಾರಾಂತ್ಯಾಂ ಅನ್ನೋ ಊರಲ್ಲಿ ರೂಆಂ–ಲ ಹಾವ್ರ ಮಾರ್ಗಕ್ಕೆ ಕಟ್ಟಿದ 27 ಕಮಾನಿನ ಇಟ್ಟಿಗೆ ಸೇತುವೆ 1846ರ ಜನವರಿಯಲ್ಲಿ, ಇನ್ನೂ ಮಾರ್ಗ ಉದ್ಘಾಟನೆ ಆಗೋಕೆ ಮುಂಚೆನೇ, ಭಾರಿ ಮಳೆ ಆದ್ಮೇಲೆ ಒಂದರ ಹಿಂದೆ ಒಂದು ಬಿದ್ದು ಪೂರ್ತಿ ನೆಲಸಮ ಆಯ್ತು. ಗುತ್ತಿಗೆದಾರ ಥಾಮಸ್ ಬ್ರಾಸಿ ಯಾರ ತಪ್ಪು ಅಂತ ವಾದಕ್ಕೆ ಕೂರದೆ ಸ್ವಂತ ದುಡ್ಡಲ್ಲಿ ಮತ್ತೆ ಕಟ್ಟಿಸಿಕೊಟ್ಟ, ಅದೇ ವರ್ಷ ಮುಗಿಸಿದ. ಗುತ್ತಿಗೆದಾರರ ಬಗ್ಗೆ ಕೆಟ್ಟದ್ದೇ ಕೇಳಿರೋ ನಮಗೆ ಇದು ಗೊತ್ತಿರಬೇಕು ಅಂತ ಹೇಳಿದೆ.

ರಿಬಲ್‌ಹೆಡ್‌ನಲ್ಲಿ ಇದಕ್ಕೆ ಉತ್ತರ ಕಂಬದಲ್ಲೇ ಇದೆ. ದೂರದಿಂದ ನೋಡಿದ್ರೆ ಎಲ್ಲಾ ಕಂಬ ಒಂದೇ ಥರ ಕಾಣುತ್ತೆ, ಹತ್ರ ಹೋಗಿ ಎಣಿಸ್ತಾ ಹೋದ್ರೆ ಪ್ರತಿ ಆರನೇ ಕಂಬ ಉಳಿದವುಕ್ಕಿಂತ ದಪ್ಪ. 24 ಕಮಾನು ಅಂದ್ರೆ 23 ಕಂಬ, ಅದರಲ್ಲಿ 6, 12, 18ನೇದು ದಪ್ಪದ್ದು, ಇಡೀ ಸೇತುವೆ ಆರಾರು ಕಮಾನಿನ ನಾಲ್ಕು ತುಂಡಾಗಿ ಹಂಚಿಹೋಗಿದೆ. ಎಲ್ಲಾದ್ರೂ ಒಂದು ಕಂಬ ಕೈಕೊಟ್ರೆ ಆರು ಕಮಾನು ಹೋಗಬಹುದು, 24ಕ್ಕೆ 24 ಹೋಗಲ್ಲ. ಕಟ್ಟೋವಾಗಲೂ ಇದು ಅನುಕೂಲ, ಆರು ಕಮಾನು ಮುಗಿಸಿ ಸೆಂಟ್ರಿಂಗ್ (ಕಮಾನು ಕಟ್ಟೋವಾಗ ಕೆಳಗೆ ಕೊಡೋ ಮರದ ಆಸರೆ) ಬಿಚ್ಚಿದ್ರೂ ಒಂದು ಕಡೆಯ ತಳ್ಳಾಟ ತಡೆಯೋಕೆ ದಪ್ಪ ಕಂಬ ಇರುತ್ತೆ, ಅದೇ ಮರ ಮುಂದಿನ ಕಮಾನಿಗೆ ತಗೊಂಡು ಹೋಗಬಹುದು. ಕಂಪ್ಯೂಟರ್ ಇಲ್ದಿರೋ ಕಾಲದಲ್ಲಿ, ಸೋತರೆ ಎಷ್ಟು ಸೋಲಬೇಕು ಅಂತ ಮುಂಚೆನೇ ಲೆಕ್ಕ ಹಾಕಿ ಇಟ್ಟಿದ್ದಾರಲ್ಲ, ಅದನ್ನ ನೆನೆಸಿಕೊಂಡ್ರೆ ನಂಗೆ ಈಗಲೂ ಕೈ ಮುಗಿಯೋಣ ಅನ್ಸುತ್ತೆ.

ಪಾಯದ ವಿಷಯಕ್ಕೆ ಬಂದ್ರೆ, ಆ ಜೌಗಿನಲ್ಲಿ ಪೀಟ್ ಅನ್ನೋ ಕೊಳೆತ ಗಿಡಗಂಟೆಯ ಮೆತ್ತನೆ ಮಣ್ಣು, ಅದರ ಕೆಳಗೆ ಜೇಡಿ, ಅದನ್ನೆಲ್ಲ ದಾಟಿ 25 ಅಡಿವರೆಗೂ ಅಗೆದು ಬಂಡೆ ಸಿಕ್ಕಿದ ಮೇಲೆ ಕಾಂಕ್ರೀಟ್ ಹಾಸಿ ಕಂಬ ಎಬ್ಬಿಸಿದ್ದಾರೆ. ಕುರಿ ಉಣ್ಣೆಯ ಮೂಟೆ ಹಾಕಿ ಅದರ ಮೇಲೆ ಸೇತುವೆ ನಿಲ್ಲಿಸಿದ್ರು ಅಂತ ಅಲ್ಲಿಯ ಜನ ಹೇಳೋ ಕಥೆ ಒಂದಿದೆ, ಕಥೆ ಚೆನ್ನಾಗಿದೆ, ಆದ್ರೆ ಸೇತುವೆ ನಿಂತಿರೋದು ಬಂಡೆ ಮೇಲೆ. ಕಂಬ, ಮುಖ ಎಲ್ಲ ಸುಣ್ಣದ ಕಲ್ಲು, ಕೆಲವು ಕಲ್ಲು 8 ಟನ್‌ವರೆಗೆ ತೂಗುತ್ತೆ. ಕಮಾನಿನ ಹೊಟ್ಟೆ ಮಾತ್ರ ಇಟ್ಟಿಗೆ, ಒಟ್ಟು 15 ಲಕ್ಷ ಇಟ್ಟಿಗೆ ಹೋಗಿದೆ ಅಂತ ಲೆಕ್ಕ. ಎಲ್ಲಾ ಸುಣ್ಣದ ಗಾರೆಯಲ್ಲಿ.

ಕಟ್ಟಿದವರ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗೋಕೆ ಮನಸ್ಸು ಬರಲ್ಲ. ಸುಮಾರು 1000 ಜನ ಕೂಲಿಗಳು ಈ ಸೇತುವೆ ಕೆಲಸಕ್ಕೆ ಇದ್ರು, ಪಕ್ಕದ ಸುರಂಗದ ಕೆಲಸದವರು, ಹೆಂಡ್ತಿ ಮಕ್ಕಳು ಎಲ್ಲ ಸೇರಿ ಆ ಬಯಲಲ್ಲಿ ಮರದ ಗುಡಿಸಲಿನ ಊರುಗಳೇ ಎದ್ದವು. ಸೆಬಾಸ್ಟೊಪೋಲ್, ಇಂಕರ್‌ಮನ್, ಜೆರಿಕೊ, ಬೆಲ್‌ಗ್ರೇವಿಯಾ ಅಂತೆಲ್ಲ ಹೆಸರು. ಅಪಘಾತ, ಜಗಳ, ಅದಕ್ಕಿಂತ ಹೆಚ್ಚಾಗಿ ಸಿಡುಬು. ಸೇತುವೆ ಒಂದಕ್ಕೇ 100ಕ್ಕೂ ಹೆಚ್ಚು ಜನ ಪ್ರಾಣ ಬಿಟ್ರು ಅಂತ ಹೇಳ್ತಾರೆ. ಚಾಪಲ್-ಲ-ಡೇಲ್ ಅನ್ನೋ ಸಣ್ಣ ಚರ್ಚಿನ ಸ್ಮಶಾನದಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ ಸುಮಾರು 200 ಜನರನ್ನ ಹೂತಿದ್ದಾರೆ, ಜಾಗ ಸಾಲದೆ ಸ್ಮಶಾನವನ್ನೇ ದೊಡ್ಡದು ಮಾಡ್ಬೇಕಾಯ್ತು, ಅದರ ಖರ್ಚು ರೈಲ್ವೆ ಕಂಪನಿ ಕೊಡ್ತು. ಹೆಚ್ಚಿನವರ ತಲೆಯ ಹತ್ರ ಒಂದು ಕಲ್ಲೂ ಇಲ್ಲ. ಅಷ್ಟು ಕಲ್ಲು ಹೊತ್ತವರಿಗೆ.

ಸರಿ, ಈಗ 1980ರ ದಶಕ. ಅದಕ್ಕೂ ಮುಂಚೆ, ನಷ್ಟದ ರೈಲು ಮಾರ್ಗಗಳನ್ನ ಮುಚ್ಚಿ ಅಂತ ಹೇಳಿದ 1963ರ ಬೀಚಿಂಗ್ ವರದಿಯಲ್ಲೇ ಈ ಮಾರ್ಗದ ಪ್ಯಾಸೆಂಜರ್ ರೈಲು ನಿಲ್ಲಿಸಿ ಅಂತ ಇತ್ತು, ಹೇಗೋ ತಪ್ಪಿಸ್ಕೊಳ್ತು. 1970ರಲ್ಲಿ ಸೆಟಲ್, ಆ್ಯಪಲ್‌ಬಿ ಎರಡು ಬಿಟ್ಟು ಸಣ್ಣ ಸ್ಟೇಷನ್‌ಗಳೆಲ್ಲ ಬಂದ್ ಆದವು. ರೈಲು ಕಮ್ಮಿ, ಜನ ಕಮ್ಮಿ, ಜನ ಕಮ್ಮಿ ಅಂತ ಇನ್ನೂ ರೈಲು ಕಮ್ಮಿ. ಸೇತುವೆಗೆ ನೀರು ಇಳೀತಾ ಇತ್ತು, ಕಂಬದ ಕಲ್ಲು ಸೀಳ್ತಾ ಇತ್ತು, ಕಮಾನಿನ ಇಟ್ಟಿಗೆ ಸಡಿಲ ಆಗಿತ್ತು. ಆಗ ರೈಲು ನಡೆಸ್ತಿದ್ದ ಸರ್ಕಾರಿ ಸಂಸ್ಥೆ ಬ್ರಿಟಿಷ್ ರೈಲ್ ಹೇಳಿದ್ದು, ಸೇತುವೆ ಸರಿ ಮಾಡೋಕೆ 60 ಲಕ್ಷ ಪೌಂಡ್ ಹತ್ರ ಬೇಕು, ಈ ಮಾರ್ಗದ ಆದಾಯಕ್ಕೆ ಅದು ಆಗಲ್ಲ, ಮುಚ್ಚೋದೇ ದಾರಿ. 1985ರಲ್ಲಿ ಭಾರ ಕಮ್ಮಿ ಮಾಡೋಕೆ ಅಂತ ಸೇತುವೆ ಮೇಲಿನ ಜೋಡಿ ಹಳಿಯನ್ನ ಒಂಟಿ ಮಾಡಿದ್ರು.

ಮುಚ್ಚೋ ಕೆಲಸಕ್ಕೆ ಅಂತ ರಾನ್ ಕಾಟನ್ ಅನ್ನೋ ಅಧಿಕಾರಿಯನ್ನ ನೇಮಿಸಿದ್ರು. ಅವರು ಬಂದು ನೋಡಿ ಮಾಡಿದ್ದು ಉಲ್ಟಾ, ಟಿಕೆಟ್ ದರ ಕಮ್ಮಿ ಮಾಡಿ, ರೈಲು ಜಾಸ್ತಿ ಮಾಡಿ, ಬಂದ್ ಆಗಿದ್ದ ಸ್ಟೇಷನ್‌ಗಳನ್ನ ಮತ್ತೆ ತೆಗೆಸಿ ಜನರನ್ನ ಕರೆದ್ರು. 1983ರಲ್ಲಿ ವರ್ಷಕ್ಕೆ 93,000 ಇದ್ದ ಪ್ರಯಾಣಿಕರು 1989ಕ್ಕೆ 4.5 ಲಕ್ಷ. ತಮಗೆ ಕೊಟ್ಟ ಕೆಲಸಕ್ಕಿಂತ ತಮ್ಮ ಕಣ್ಣಿಗೆ ಕಂಡ ಸತ್ಯ ದೊಡ್ಡದು ಅಂತ ನಡ್ಕೊಂಡ ಒಬ್ಬ ಅಧಿಕಾರಿ ಎಷ್ಟು ಬದಲಾಯಿಸಬಹುದು ನೋಡಿ, ನಿಮ್ಮಲ್ಲಿ ಯಾರಾದ್ರೂ ಅಂಥ ಕುರ್ಚಿಯಲ್ಲಿ ಕೂತಿದ್ರೆ ದಯವಿಟ್ಟು ಈ ಹೆಸರು ನೆನಪಿಟ್ಕೊಳ್ಳಿ. ಜನ ಕೂಡ ಸುಮ್ನೆ ಕೂರಲಿಲ್ಲ, ಹತ್ತಾರು ಸಾವಿರ ಆಕ್ಷೇಪಣೆ ಪತ್ರ ಹೋದವು. ಅದರಲ್ಲಿ ಒಂದು ರಸ್ವಾರ್ಪ್ ಅನ್ನೋ ನಾಯಿದು, ಅದಕ್ಕೂ ಟಿಕೆಟ್ ತಗೊಂಡು ಓಡಾಡ್ತಿದ್ದರಿಂದ ಅದರ ಪಂಜದ ಗುರುತನ್ನ ಪ್ರಯಾಣಿಕರ ಸಹಿ ಅಂತಲೇ ಒಪ್ಕೊಂಡ್ರು. ಆ ನಾಯಿಯ ಯಜಮಾನ, ಹೋರಾಟದ ಮುಂಚೂಣಿಯಲ್ಲಿದ್ದವರು, ಮಾರ್ಗ ಉಳಿದ ಮರುವರ್ಷ ವೇಲ್ಸ್‌ನ ಬೆಟ್ಟದಲ್ಲಿ ನಡೆಯೋಕೆ ಹೋಗಿ ತೀರ್ಕೊಂಡ್ರು, ಆ ಚಳಿಗಾಲದಲ್ಲಿ ನಾಯಿ 11 ವಾರ ಅವರ ಶವದ ಹತ್ರನೇ ಕಾದಿತ್ತು. ಗಾರ್ಸ್‌ಡೇಲ್ ಸ್ಟೇಷನ್‌ನಲ್ಲಿ ಅದರ ಪ್ರತಿಮೆ ಇದೆ.

ಆದ್ರೆ ಇಂಜಿನಿಯರ್‌ಗಳಾದ ನಾವು ನೋಡ್ಬೇಕಿರೋ ಜಾಗ ಬೇರೆ. ಅಷ್ಟು ವರ್ಷ ಎಲ್ಲರೂ 60 ಲಕ್ಷ, 60 ಲಕ್ಷ ಅಂತ ಕೂಗ್ತಿದ್ರಲ್ಲ, ಆಮೇಲೆ ಪರೀಕ್ಷೆಗೆ ಅಂತ ಸೇತುವೆಯ ಒಂದು ಭಾಗ ಬಿಚ್ಚಿ ರಿಪೇರಿ ಮಾಡಿ ನೋಡಿದಾಗ ಗೊತ್ತಾಯ್ತು ಅಷ್ಟೆಲ್ಲ ಬೇಕಾಗೇ ಇಲ್ಲ ಅಂತ. ಖರ್ಚು ಹೇಳಿದ್ದರ ಸುಮಾರು ಅರ್ಧಕ್ಕೇ ಇಳೀತು. ಮೂಲ ರೋಗ ಮೇಲಿಂದ ಇಳಿಯೋ ನೀರು, ಜಲ್ಲಿ ಕೆಳಗಿನ ಹಳೇ ಜಲನಿರೋಧಕ ಪದರ ಹಾಳಾಗಿತ್ತು. ಹೊಸ ಪದರ ಹಾಕಿ, ನೀರು ಹೋಗೋ ದಾರಿ ಸರಿ ಮಾಡಿ, ಕೆಟ್ಟ ಕಲ್ಲು ಇಟ್ಟಿಗೆ ಬದಲಾಯಿಸಿದ್ರು. 1989ರ ಏಪ್ರಿಲ್ 11ಕ್ಕೆ ಸರ್ಕಾರ ಮುಚ್ಚೋ ಪ್ರಸ್ತಾಪ ತಿರಸ್ಕರಿಸ್ತು, ಆಗ ಸಾರಿಗೆ ಖಾತೆ ನೋಡ್ಕೊಳ್ತಿದ್ದ ಸಚಿವರಲ್ಲಿ ಒಬ್ಬರಾದ ಮೈಕೆಲ್ ಪೋರ್ಟಿಲೊ ಇವತ್ತಿಗೂ ತಮ್ಮ ರಾಜಕೀಯದಲ್ಲಿ ಹೆಮ್ಮೆಯಿಂದ ಹೇಳ್ಕೊಳ್ಳೋ ಕೆಲಸ ಅದು. 2020–21ರಲ್ಲಿ ಮತ್ತೊಮ್ಮೆ 21 ಲಕ್ಷ ಪೌಂಡ್ ಖರ್ಚು ಮಾಡಿ ಗಾರೆ ತುಂಬೋದು, ಒಡೆದ ಕಲ್ಲು ಬದಲಾಯಿಸೋದು, ನೀರಿನ ದಾರಿ ಸರಿ ಮಾಡೋದು ಮಾಡಿದ್ದಾರೆ. ಮೂವತ್ತು ವರ್ಷಕ್ಕೊಂದ್ಸಲ ಇಷ್ಟು ಆರೈಕೆ ಕೇಳಿದ್ರೆ ಅದು ಜಾಸ್ತಿ ಏನಲ್ಲ.

ಅಂದ್ರೆ ತಪ್ಪಿದ್ದು ಎಲ್ಲಿ? ಕಲ್ಲಲ್ಲಿ ಅಲ್ಲ, ಅಂದಾಜಲ್ಲಿ. ಬಿಚ್ಚಿ ನೋಡದೆ ಹಾಕಿದ ಅಂದಾಜು. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ನಮ್ಮ ಹಿರಿಯರು ಹೇಳಿದ್ರು, ಇಲ್ಲಿ ಕಣ್ಣಾರೆ ನೋಡೋದಕ್ಕೇ ವರ್ಷಗಳು ಹಿಡೀತು.

ನಾನು ಇದನ್ನ ದೂರ ನಿಂತು ಬೇರೆಯವರ ತಪ್ಪು ಅಂತ ಹೇಳ್ತಿಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೂರು ಕಮಾನಿನ ಒಂದು ಹಳೇ ಕಲ್ಲಿನ ಸೇತುವೆ ನನ್ನ ಪಾಲಿಗೆ ಬಂತು. ಕಮಾನಿನ ಕೆಳಗೆ ಬಿಳೀ ಕಲೆ, ಸಂದಿಯಿಂದ ಸುಣ್ಣ ಇಳಿದು ಸಣ್ಣ ಸಣ್ಣ ಕೊಳವೆ ಥರ ಜೋತಾಡ್ತಿತ್ತು, ಅಲ್ಲಲ್ಲಿ ಗಾರೆ ಉದುರಿತ್ತು. ಎಸ್ಟಿಮೇಟ್‌ನಲ್ಲಿ ಸಿಮೆಂಟ್ ಪಾಯಿಂಟಿಂಗ್ (ಕಲ್ಲಿನ ಸಂದಿಗಳಿಗೆ ಸಿಮೆಂಟ್ ತುಂಬೋದು) ಅಂತ ಇತ್ತು, ನಾನು ನಿಂತು ಮಾಡಿಸಿದೆ, ಒಂದು ಸಂದಿ ಬಿಡದೆ ತುಂಬಿಸಿದೆ, ನೀರು ಬಸಿಯೋಕೆ ಅಂತ ಹಳಬರು ಬಿಟ್ಟಿದ್ದ ತೂತುಗಳನ್ನೂ ಬಿರುಕು ಅಂದ್ಕೊಂಡು ಮುಚ್ಚಿಸಿದೆ. ಕೆಲಸ ಮುಗಿದಾಗ ಸೇತುವೆ ಹೊಸದರ ಹಾಗೆ ಕಾಣ್ತಿತ್ತು, ಮೇಲಿನವರು ಬೆನ್ನು ತಟ್ಟಿದ್ರು. ಅಲ್ಲಿದ್ದ ವಯಸ್ಸಾದ ಗಾರೆ ಮೇಸ್ತ್ರಿ ಮಾತ್ರ "ಬಾಯಿ ಮುಚ್ಚಿಬಿಟ್ರಲ್ಲ ಸಾರ್, ಇನ್ನು ಎಲ್ಲಿಂದ ಉಸಿರಾಡ್ತದೆ ಅದು" ಅಂದ್ರು. ನಾನು ಕೇಳಿಸ್ಕೊಂಡೂ ಕೇಳಿಸ್ಕೊಳ್ಳಲಿಲ್ಲ. ಎರಡನೇ ಮಳೆಗಾಲ ಕಳೆದು ಹೋಗಿ ನೋಡಿದ್ರೆ ಸಿಮೆಂಟು ಗಟ್ಟಿಯಾಗಿ ಹಾಗೇ ಇದೆ, ಅದರ ಪಕ್ಕದ ಕಲ್ಲಿನ ಮುಖ ಚಕ್ಕೆ ಚಕ್ಕೆಯಾಗಿ ಎದ್ದಿದೆ, ಪಕ್ಕದ ಗೋಡೆ ಒಂದು ಕಡೆ ಹೊಟ್ಟೆ ಬಂದಿದೆ. ಮೇಲೆ ಥಳುಕು ಒಳಗೆ ಹುಳುಕು ಅನ್ನೋದು ಅವತ್ತು ಅರ್ಥ ಆಯ್ತು. ಆಮೇಲೆ ಜಲ್ಲಿ ತೆಗೆಸಿ ನೋಡಿದ್ರೆ ನೀರು ಹೋಗೋ ದಾರಿಯಲ್ಲಿ ಮಣ್ಣು, ಅರಳಿ ಗಿಡದ ಬೇರು ಕಟ್ಟಿಕೊಂಡಿತ್ತು. ಅದನ್ನ ತೆಗೆಯೋಕೆ ಬೇಕಾಗಿದ್ದು ನಾಲ್ಕು ಜನ, ಮೂರು ದಿನ. ನಾನು ಹಾಕಿಸಿದ ಸಿಮೆಂಟನ್ನ ಕಲ್ಲಿಗೆ ಪೆಟ್ಟಾಗದ ಹಾಗೆ ಉಳಿಯಲ್ಲಿ ಕೆತ್ತಿ ತೆಗೆಯೋಕೆ ತಿಂಗಳುಗಟ್ಟಲೆ ಹಿಡೀತು.

ಯಾಕೆ ಹೀಗಾಗುತ್ತೆ ಅಂತ ಹೇಳ್ತೀನಿ, ಇದು ಕಾಲೇಜಲ್ಲಿ ನಂಗೆ ಯಾರೂ ಹೇಳಿರಲಿಲ್ಲ. ಕಮಾನಿನ ಮೇಲೆ, ಎರಡು ಪಕ್ಕದ ಗೋಡೆಗಳ ನಡುವೆ, ಮಣ್ಣು ಕಲ್ಲು ತುಂಬಿರ್ತಾರೆ, ಅದರ ಮೇಲೆ ಜಲ್ಲಿ, ಹಳಿ. ಮಳೆ ನೀರು ಜಲ್ಲಿ ದಾಟಿ ಕೆಳಗೆ ಇಳಿಯೋದು ಸಹಜ, ಅದಕ್ಕೇ ಹಳಬರು ಜಲನಿರೋಧಕ ಪದರ ಹಾಕಿ, ನೀರನ್ನ ಒಂದು ಕಡೆ ಹರಿಸಿ, ತೂತಿನಿಂದ ಹೊರಗೆ ಬಿಡ್ತಿದ್ರು. ಆ ದಾರಿ ಕಟ್ಟಿಕೊಂಡ್ರೆ ನೀರು ಒಳಗೇ ನಿಲ್ಲುತ್ತೆ. ನಿಂತ ನೀರು ಪಕ್ಕದ ಗೋಡೆಯನ್ನ ಹೊರಕ್ಕೆ ತಳ್ಳುತ್ತೆ, ಗಾರೆಯ ಸುಣ್ಣವನ್ನ ಕರಗಿಸ್ತಾ ಹೋಗುತ್ತೆ, ಕಮಾನಿನ ಕೆಳಗೆ ಕಾಣೋ ಬಿಳೀ ಕಲೆ ಅದೇ ಕರಗಿ ಬಂದ ಸುಣ್ಣ. ರಿಬಲ್‌ಹೆಡ್ ಥರ ಚಳಿ ಪ್ರದೇಶದಲ್ಲಿ ಇನ್ನೂ ಕಷ್ಟ, ನೀರು ಹೆಪ್ಪುಗಟ್ಟಿದಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತೆ, ಕಲ್ಲಿನೊಳಗೆ ಬೆಣೆ ಹೊಡೆದ ಹಾಗೆ, ಒಂದು ಚಳಿಗಾಲದಲ್ಲಿ ಎಷ್ಟು ಸಲ ಗಟ್ಟಿಯಾಗಿ ಎಷ್ಟು ಸಲ ಕರಗುತ್ತೋ ಅಷ್ಟು ಪೆಟ್ಟು.

ಸುಣ್ಣದ ಗಾರೆ ಮೆತ್ತಗೆ, ಅದು ಅದರ ದೋಷ ಅಲ್ಲ, ಗುಣ. ಬಿಸಿಲಿಗೆ ಸೇತುವೆ ಹಿಗ್ಗಿ ರಾತ್ರಿ ಕುಗ್ಗಿದಾಗ, ರೈಲು ಹೋದಾಗ ಸ್ವಲ್ಪ ಅಲುಗಾಡಿದಾಗ, ಸಾವಿರಾರು ಸಂದಿಯಲ್ಲಿ ಗಾರೆ ಕೂದಲಷ್ಟು ಕೂದಲಷ್ಟು ಬಿಟ್ಟುಕೊಡುತ್ತೆ, ಹಾಗಾಗಿ ಅಷ್ಟುದ್ದದ ಸೇತುವೆಗೆ ಎಕ್ಸ್‌ಪಾನ್ಷನ್ ಜಾಯಿಂಟ್ ಅಂತ ಬೇರೆ ಬೇಕಾಗಿಲ್ಲ. ಕೂದಲೆಳೆ ಬಿರುಕು ಬಿಟ್ರೆ ಕರಗಿದ ಸುಣ್ಣ ಅಲ್ಲೇ ಮತ್ತೆ ಕೂತು ಮುಚ್ಚಿಕೊಳ್ಳೋದೂ ಉಂಟು. ಒಳಗಿನ ತೇವ ಗಾರೆ ಮೂಲಕ ಆವಿಯಾಗಿ ಹೊರಗೆ ಹೋಗುತ್ತೆ, ಹಾಳಾದ್ರೂ ಗಾರೆ ಹಾಳಾಗುತ್ತೆ ಕಲ್ಲು ಉಳಿಯುತ್ತೆ, ಗಾರೆ ಮತ್ತೆ ತುಂಬಬಹುದು. ಅದೇ ಜಾಗಕ್ಕೆ ಕಲ್ಲಿಗಿಂತ ಗಟ್ಟಿಯಾದ ಸಿಮೆಂಟ್ ತುಂಬಿದ್ರೆ ತೇವಕ್ಕೆ ದಾರಿ ಕಲ್ಲಿನ ಮುಖ ಮಾತ್ರ, ಒತ್ತಡವೂ ಕಲ್ಲಿನ ಅಂಚಿಗೇ ಹೋಗುತ್ತೆ, ಕಲ್ಲು ಚಕ್ಕೆ ಏಳುತ್ತೆ. ಸುಣ್ಣ ಅಂದ್ರೆ ಹಳೇ ಕಾಲದ್ದು, ದುರ್ಬಲ ಅಂತ ಅನ್ನೋರು ಕನ್ನಂಬಾಡಿ ಕಟ್ಟೆ ನೆನೆಸ್ಕೊಳ್ಳಿ, ಅದು ಸುರ್ಕಿ ಗಾರೆಯಲ್ಲಿ, ಅಂದ್ರೆ ಸುಣ್ಣಕ್ಕೆ ಇಟ್ಟಿಗೆ ಪುಡಿ ಸೇರಿಸಿದ ಗಾರೆಯಲ್ಲಿ ಕಟ್ಟಿದ್ದು. ಸಿಮೆಂಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದರ ಜಾಗ ಇದಲ್ಲ ಅಷ್ಟೇ.

ಇನ್ನೊಂದು ವಾದ ಪದೇ ಪದೇ ಕೇಳ್ತೀನಿ, ಆಗಿನ ರೈಲಿನ ಭಾರವೇ ಬೇರೆ ಈಗಿನದೇ ಬೇರೆ, ಹಳೇ ಕಲ್ಲು ಹೇಗೆ ತಡೆಯುತ್ತೆ ಅಂತ. ಪ್ರಶ್ನೆ ಸರಿ ಇದೆ, ಲೆಕ್ಕ ಹಾಕ್ಲೇಬೇಕು. ಆದ್ರೆ ಕಲ್ಲಿನ ಕಮಾನಿನ ಸ್ವಂತ ತೂಕದ ಮುಂದೆ ಮೇಲೆ ಹೋಗೋ ರೈಲಿನ ತೂಕ ಹೆಚ್ಚಿನ ಸಲ ಸಣ್ಣದು, ಆ ಸ್ವಂತ ತೂಕವೇ ಒತ್ತಡದ ಗೆರೆಯನ್ನ ಕಲ್ಲಿನೊಳಗೆ ಹಿಡಿದಿಡೋದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಥಾಮಸ್ ವಯಡಕ್ಟ್ (ಕಣಿವೆ ದಾಟೋ ಉದ್ದ ಸೇತುವೆ) ಅಂತ ಇದೆ, 8 ಕಮಾನಿನ ಗ್ರಾನೈಟ್ ಸೇತುವೆ, 1835ರದ್ದು, ಅದೂ ತಿರುವಿನಲ್ಲಿ ಕಟ್ಟಿದ್ದು, ತಿರುವು ಬರೋಕೆ ಒಂದೊಂದು ಕಂಬವನ್ನೂ ಒಂದು ಕಡೆ ಅಗಲ ಇನ್ನೊಂದು ಕಡೆ ಕಿರಿದಾಗಿ ಬೆಣೆ ಆಕಾರದಲ್ಲಿ ಎಬ್ಬಿಸಿದ್ದಾರೆ. ಆಗ ಜನ ಅದನ್ನ ವಿನ್ಯಾಸ ಮಾಡಿದ ಲಟ್ರೋಬ್‌ನ ಹುಚ್ಚು ಅಂತ ಕರೆದ್ರು, ನಿಲ್ಲಲ್ಲ ಅಂದ್ರು. ಕೆಲವೇ ಟನ್ ತೂಗೋ ಇಂಜಿನ್‌ಗಳ ಕಾಲದಲ್ಲಿ ಕಟ್ಟಿದ್ದು ಇವತ್ತು ಡೀಸೆಲ್ ಇಂಜಿನ್ ಎಳೆಯೋ ಗೂಡ್ಸ್ ಗಾಡಿ ಹೊರ್ತಾ ಇದೆ, 1868ರ ಪಟಾಪ್ಸ್ಕೊ ನದಿಯ ಪ್ರವಾಹ, 1972ರ ಪ್ರವಾಹ ಎರಡನ್ನೂ ದಾಟಿ. ನಮ್ಮ ದೇಶದಲ್ಲೇ ಕೇರಳದ ತೆನ್ಮಲ ಹತ್ರ ಕೊಲ್ಲಂ–ಸೆಂಗೋಟೆ ಮಾರ್ಗದಲ್ಲಿ 13 ಕಮಾನಿನ ಕಲ್ಲಿನ ಸೇತುವೆ ಇದೆ, 1904ರಲ್ಲಿ ಶುರುವಾದ ಮೀಟರ್ ಗೇಜ್ ಮಾರ್ಗದ್ದು, 2018ರಲ್ಲಿ ಬ್ರಾಡ್ ಗೇಜ್ ಆಗಿ ಮತ್ತೆ ತೆರೆದಾಗಲೂ ಅದನ್ನ ಉಳಿಸ್ಕೊಂಡೇ ರೈಲು ಓಡಿಸಿದ್ರು. ಕಾಲ್ಕಾ–ಶಿಮ್ಲಾ ಮಾರ್ಗದ ಕನೋಹ್ ಹತ್ರ ನಾಲ್ಕು ಅಂತಸ್ತಿನ 34 ಕಮಾನಿನ ಸೇತುವೆಯೂ ಹಾಗೇ ಬಾಳ್ತಾ ಇದೆ.

ಎಲ್ಲಾ ಕಲ್ಲಿನ ಸೇತುವೆ ಅಮರ ಅಂತ ನಾನು ಹೇಳ್ತಿಲ್ಲ. 1867ರಲ್ಲಿ ಮುಂಬೈ–ಪುಣೆ ಮಾರ್ಗದ ಭೋರ್ ಘಾಟ್‌ನ ಒಂದು ಕಲ್ಲಿನ ವಯಡಕ್ಟ್ ಕಟ್ಟಿ ಹತ್ತು ವರ್ಷವೂ ಆಗಿರಲಿಲ್ಲ, ಬಿತ್ತು. ಹಾಗಾಗಿ ಹೊಸದು ಅಂತ ನಂಬಬೇಡಿ, ಹಳೇದು ಅಂತ ತಳ್ಳಬೇಡಿ, ಎರಡನ್ನೂ ತಟ್ಟಿ ನೋಡಿ. ತಟ್ಟಿ ಅಂದ್ರೆ ನಿಜವಾಗ್ಲೂ ತಟ್ಟಿ. ಸುತ್ತಿಗೆಯಲ್ಲಿ ಕಮಾನಿನ ಹೊಟ್ಟೆ ತಟ್ತಾ ಹೋದ್ರೆ ಗಟ್ಟಿ ಇದ್ದ ಕಡೆ ಠಣ್ ಅನ್ನುತ್ತೆ, ಇಟ್ಟಿಗೆಯ ಪದರ ಪದರ ಬಿಟ್ಟುಕೊಂಡಿದ್ರೆ ಡಬ್ ಅಂತ ಟೊಳ್ಳು ಸದ್ದು ಬರುತ್ತೆ. ಡ್ರೋನ್ ಫೋಟೋದಲ್ಲಿ ಆ ಸದ್ದು ಬರಲ್ಲ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸೇತುವೆ ಮುಚ್ಚಬೇಕು, ಕೆಡವಬೇಕು ಅನ್ನೋ ಯಾವ ಪ್ರಸ್ತಾಪಕ್ಕೂ, ಕನಿಷ್ಠ ಒಂದು ಕಮಾನಿನ ಮೇಲಿನ ಜಲ್ಲಿ ತೆಗೆದು ಒಳಗೆ ಏನಿದೆ ಅಂತ ನೋಡಿದ ವರದಿ ಇಲ್ದೆ ಸಹಿ ಹಾಕಬೇಡಿ. ಅಂದಾಜು ಖರ್ಚಿನ ಪಕ್ಕದಲ್ಲಿ ಅದು ಬಿಚ್ಚಿ ನೋಡಿ ಹಾಕಿದ್ದೋ ನೋಡದೆ ಹಾಕಿದ್ದೋ ಅಂತ ಸ್ಪಷ್ಟವಾಗಿ ಬರೀರಿ, ಆ ಒಂದು ಕಾಲಂ ಇದ್ದಿದ್ರೆ ರಿಬಲ್‌ಹೆಡ್ ಕಥೆ ಎಷ್ಟೋ ವರ್ಷ ಮುಂಚೆ ಮುಗೀತಿತ್ತು. ಟೆಂಡರ್‌ನಲ್ಲಿ ಪಾಯಿಂಟಿಂಗ್ ಅಂತ ಬರೆಯೋವಾಗ ಯಾವ ಗಾರೆ ಅಂತ ಬರೀರಿ, ಮೂಲ ಗಾರೆಯ ಒಂದು ಚೂರು ಲ್ಯಾಬಿಗೆ ಕಳಿಸಿ ಅದಕ್ಕೆ ಹೊಂದೋದನ್ನೇ ಕಲಸೋಕೆ ಹೇಳಿ. ಸುಣ್ಣದ ಗಾರೆ ಕಲಸೋಕೆ ಬರೋ ಮೇಸ್ತ್ರಿಗಳು ಕಮ್ಮಿ ಆಗ್ತಿದ್ದಾರೆ, ಇರೋರ ಕೈಕೆಳಗೆ ಹುಡುಗರನ್ನ ಬಿಡಿ, ಇದಕ್ಕೆ ಬೇಕಾಗಿರೋ ದುಡ್ಡು ಒಂದು ಕಮಾನಿನ ಗುನೈಟಿಂಗ್‌ಗಿಂತ (ಸಿಮೆಂಟ್ ಗಾರೆಯನ್ನ ಜೋರಾಗಿ ಸಿಂಪಡಿಸಿ ಮೆತ್ತೋದು) ಕಮ್ಮಿ. ಹಳೇ ಸೇತುವೆಗಳ ಮೂಲ ಡ್ರಾಯಿಂಗ್ ಎಲ್ಲಿದೆ ಅಂತ ಹುಡುಕಿ ಸ್ಕ್ಯಾನ್ ಮಾಡಿ ಇಡಿ, ಗೆದ್ದಲು ತಿನ್ನೋ ಮುಂಚೆ.

ಕಾಲೇಜು ಮುಗಿಸಿ ಈ ಕೆಲಸಕ್ಕೆ ಬರ್ತಿರೋ ಮಕ್ಕಳೇ, ನಿಮಗೆ ಬೇರೆ ಒಂದು ಮಾತು. ಇನ್‌ಸ್ಪೆಕ್ಷನ್ ಅಂದ್ರೆ ಎಲ್ಲರೂ ಬಿಸಿಲು ಇರೋ ದಿನ ನೋಡಿ ಹೋಗ್ತಾರೆ, ಕಲ್ಲು ಒಣಗಿರುತ್ತೆ, ಫೋಟೋ ಚೆನ್ನಾಗಿ ಬರುತ್ತೆ. ನೀವು ಜೋರು ಮಳೆ ನಿಂತ ಮಾರನೇ ದಿನ ಹೋಗಿ. ಕಮಾನಿನ ಕೆಳಗೆ ನಿಂತು ತಲೆ ಎತ್ತಿ ನೋಡಿ, ಎಲ್ಲಿ ಹನೀತಾ ಇದೆ, ಯಾವ ತೂತಿಂದ ನೀರು ಬರ್ತಾ ಇದೆ, ಯಾವ ತೂತಿಂದ ಬರಬೇಕಾಗಿದ್ದು ಬರ್ತಿಲ್ಲ, ಅದನ್ನ ಬರ್ಕೊಳ್ಳಿ. ಬರದೇ ಇರೋ ತೂತನ್ನ ಒಂದು ಕಂಬಿ ಹಾಕಿ ಚುಚ್ಚಿ ನೋಡಿ. ಮಣ್ಣಿನ ಗಡ್ಡೆ ಬಿದ್ದು, ಮೊದಲು ಕೆಂಪಗೆ ಆಮೇಲೆ ತಿಳಿಯಾಗಿ ನೀರು ಹರಿಯೋಕೆ ಶುರು ಆಗುತ್ತಲ್ಲ, ಆಗ ಅಲ್ಲೇ ಸ್ವಲ್ಪ ಹೊತ್ತು ನಿಂತು ಅದು ನಿಲ್ಲೋವರೆಗೂ ಟೈಮ್ ನೋಡಿ ರಿಜಿಸ್ಟರ್‌ನಲ್ಲಿ ಬರೀರಿ.

ಇಂತಿ,
ಸೇತುವೆ ಕೆಲಸದ ಒಬ್ಬ ನಿವೃತ್ತ ಇಂಜಿನಿಯರ್